ಕಲ್ಲಿನ ಮೇಲೆ ಎರಡು ಪದ

ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ ದೊರೆತ ಒಂದು ಕಲ್ಲಿನ ಫಲಕದಲ್ಲಿ ರಾಜನೊಬ್ಬ ನಿಂತಿದ್ದಾನೆ. ಪಕ್ಕದಲ್ಲಿ ರಾಣಿ, ಸುತ್ತ ಚಾಮರ ಹಿಡಿದವರು, ತಲೆಯ ಮೇಲೆ ಛತ್ರಿ. ಇಷ್ಟೇ ಇದ್ದಿದ್ದರೆ ಹಳೆಯ ಕಾಲದ ಯಾವನೋ ಒಬ್ಬ ಅರಸ ಎಂದು ನಾವು ಮುಂದೆ ಹೋಗುತ್ತಿದ್ದೆವು. ಆದರೆ ಕೆತ್ತಿದವರು ಅದೇ ಕಲ್ಲಿನಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಎರಡು ಪದ ಬರೆದಿದ್ದಾರೆ: ‘ರಾಯೋ ಅಸೋಕೋ’. ರಾಜ ಅಶೋಕ.

ಅಶೋಕ ಹೇಗಿದ್ದ ಎಂಬುದು ಆ ಶಿಲ್ಪಿಗೂ ಗೊತ್ತಿರಲಿಲ್ಲ. ಅವನು ಉಳಿ ಹಿಡಿಯುವ ಹೊತ್ತಿಗೆ ಅಶೋಕ ಸತ್ತು ಎರಡು ಮೂರು ಶತಮಾನ ಕಳೆದಿದ್ದವು. ಮುಖ ನೆನಪಿರದ ರಾಜನಿಗೆ ಅವನು ಒಂದು ಮುಖ ಕೊಟ್ಟ. ಆ ಮುಖವನ್ನು ನೋಡಿದವರು ಗುರುತಿಸಲಾರರು ಎಂದು ಗೊತ್ತಿದ್ದುದರಿಂದ ಹೆಸರನ್ನೂ ಬರೆದ. ಇವತ್ತು ಪುಸ್ತಕಗಳಲ್ಲಿ, ಪೋಸ್ಟರುಗಳಲ್ಲಿ ಆ ಶಿಲ್ಪದ ಚಿತ್ರ ಕಾಣಿಸುವುದು ಆ ಎರಡು ಪದಗಳ ದೆಸೆಯಿಂದ.

ವಸ್ತುಸಂಗ್ರಹಾಲಯ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಈಗ ಈ ಫಲಕವೇ ನೆನಪಾಗುತ್ತದೆ. ಕಟ್ಟಡ, ಗಾಜಿನ ಪೆಟ್ಟಿಗೆ, ಟಿಕೆಟ್ ಕಿಟಕಿ ಎಲ್ಲ ಆಮೇಲಿನವು. ಮೊದಲು ಬೇಕಾದದ್ದು ವಸ್ತುವಿನ ಪಕ್ಕ ಅದರ ಹೆಸರನ್ನು, ಅದನ್ನು ಮಾಡಿದವರ ಅಥವಾ ಕೊಟ್ಟವರ ಹೆಸರನ್ನು ಬರೆದಿಡುವ ಮನಸ್ಸು. ನಮ್ಮ ಸೀಮೆಯಲ್ಲಿ ಆ ಮನಸ್ಸು ಎರಡು ಸಾವಿರ ವರ್ಷಗಳ ಹಿಂದೆ ಇತ್ತು. ಕಳೆದ ನೂರು ವರ್ಷಗಳ ವಿಷಯದಲ್ಲಿ ಅದು ಯಾಕೆ ಇಲ್ಲ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ಈ ಬರಹದ ಪ್ರಶ್ನೆಯೂ ಅದೇ.

ಕಲಬುರಗಿ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಎದುರಿಗೆ ಇಟ್ಟುಕೊಳ್ಳಿ. ಈಶಾನ್ಯದಲ್ಲಿ ಚಿಂಚೋಳಿ. ಅಲ್ಲಿಂದ ಮುಲ್ಲಾಮಾರಿ ಹೊಳೆ ಇಳಿದು ಬಂದು ಕಾಗಿಣಾಕ್ಕೆ ಸೇರುತ್ತದೆ. ಕಾಗಿಣಾ ಸೇಡಂ ತಾಲೂಕಿನ ಮಳಖೇಡದ ಕೋಟೆಯ ಮಗ್ಗುಲಲ್ಲಿ ಹಾದು, ಚಿತ್ತಾಪುರ ಸೀಮೆಯನ್ನು ದಾಟಿ, ಶಹಾಬಾದಿನ ಹತ್ತಿರ ಹೊನಗುಂಟಾದ ಬಳಿ ಭೀಮೆಯನ್ನು ಕೂಡುತ್ತದೆ. ಸಂಗಮದಿಂದ ಪೂರ್ವಕ್ಕೆ ತುಸು ದೂರದಲ್ಲೇ ವಾಡಿ ಜಂಕ್ಷನ್. ಭೀಮೆ ಇನ್ನೂ ಕೆಳಗೆ ಹರಿದರೆ ಸನ್ನತಿ, ಕನಗನಹಳ್ಳಿ. ಹೀಗೆ ಈ ಊರುಗಳೆಲ್ಲ ಒಂದೇ ನೀರಿನ ದಾರಿಯಲ್ಲಿವೆ.

ನೀರಿನ ಕೆಳಗೆ ಕಲ್ಲೂ ಒಂದೇ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹ ಎನ್ನುತ್ತಾರೆ. ಅದರೊಳಗಿನ ಪದರುಗಳಿಗೆ ಸೇಡಂ, ಶಹಾಬಾದ್ ಎಂದು ನಮ್ಮ ಊರುಗಳ ಹೆಸರನ್ನೇ ಇಟ್ಟಿದ್ದಾರೆ. 19ನೆಯ ಶತಮಾನದಲ್ಲಿ ವಿಲಿಯಂ ಕಿಂಗ್, ರಾಬರ್ಟ್ ಬ್ರೂಸ್ ಫೂಟ್ ಇದನ್ನು ಮೊದಲು ಅಭ್ಯಾಸ ಮಾಡಿದವರು. 50 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರು ಪದರಾಗಿ ಕೂತು ಗಟ್ಟಿಯಾದದ್ದು ಈ ಕಲ್ಲು. ಚಿಂಚೋಳಿಯ ಕಡೆ ಹೋದಂತೆ ಇದರ ಮೇಲೆ ದಖ್ಖನ್ನಿನ ಕಪ್ಪು ಲಾವಾ ಕಲ್ಲು, ಕೆಂಪು ಜಂಬಿಟ್ಟಿಗೆ ಹೊದ್ದುಕೊಂಡಿವೆ. ಶಹಾಬಾದ್, ವಾಡಿಯಲ್ಲಿ ತೊಗರಿ ಹೊಲದ ಎರೆಮಣ್ಣು ಕೆದರಿದರೆ ಸಾಕು, ಹಾಸಿಗೆ ಹಾಸಿದಂತೆ ಕಲ್ಲು ಕಾಣುತ್ತದೆ.

ಈ ಒಂದು ಕಲ್ಲು ಇಲ್ಲಿ ಮೂರು ಕೆಲಸ ಮಾಡಿದೆ. ಕನಗನಹಳ್ಳಿಯಲ್ಲಿ ಕಲೆಯಾಯಿತು. ಮಳಖೇಡದಲ್ಲಿ, ಆಮೇಲೆ ಸಾವಿರಾರು ಮನೆಗಳಲ್ಲಿ ಕಟ್ಟಡವಾಯಿತು. ಶಹಾಬಾದಿನ ಕುಲುಮೆಯಲ್ಲಿ ಬೆಂದು ಸಿಮೆಂಟ್ ಆಯಿತು. ದೊಡ್ಡ ನಗರಗಳಲ್ಲಿ ಕಲೆ, ವಾಸ್ತು, ತಂತ್ರಜ್ಞಾನ ಮೂರನ್ನೂ ಒಂದೇ ಸೂರಿನಡಿ ತರಲು ಕೋಟಿಗಟ್ಟಲೆ ಖರ್ಚು ಮಾಡುತ್ತಾರೆ. ನಮ್ಮಲ್ಲಿ ಮೂರೂ ಒಂದೇ ಹೊಳೆಯ ಸಾಲಿನಲ್ಲಿ ಸಿಗುತ್ತವೆ. ಆದರೆ ಮೂರಕ್ಕೂ ನಾವು ಕೊಟ್ಟ ಗೌರವ ಒಂದೇ ಅಲ್ಲ.

ಮೊದಲು ಸನ್ನತಿ. ಈ ಊರಿನ ಬೌದ್ಧ ಅವಶೇಷಗಳತ್ತ 1950ರ ದಶಕದಲ್ಲಿ ವಿದ್ವಾಂಸರ ಗಮನ ಸೆಳೆದವರು ಕಪಟರಾಳ ಕೃಷ್ಣರಾಯರು. ಜನರಿಗೆ ಮಾತ್ರ ಸನ್ನತಿ ಎಂದರೆ ಚಂದ್ರಲಾಂಬೆ. 1986ರಲ್ಲಿ ಆ ಗುಡಿಯ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿಯಿತು. ರಿಪೇರಿಗೆಂದು ತೆರವು ಮಾಡುವಾಗ ಮೂರ್ತಿಯ ಪೀಠದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಅದು ಅಶೋಕನ ಶಾಸನ. ಅವನ ಹದಿನಾಲ್ಕು ಶಾಸನಗಳ ಸಾಲಿನ ಕೆಲವು ಭಾಗಗಳ ಜೊತೆಗೆ, ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ಕಳಿಂಗದ ಜನರಿಗೆ ಎಂದು ಇತಿಹಾಸದ ಪುಸ್ತಕಗಳು ಹೇಳುತ್ತಿದ್ದ ಮಾತು ಭೀಮಾ ದಂಡೆಯ ಜನರಿಗೂ ಹೇಳಿದ್ದಾಗಿತ್ತು.

ಆ ಕಲ್ಲಿನ ನಡುವೆ ಮೂರ್ತಿಯನ್ನು ನಿಲ್ಲಿಸಲು ಕೊರೆದ ಚೌಕನೆಯ ತೂತು ಇದೆ. ಕೆಲವು ಸಾಲುಗಳು ಆ ತೂತಿನಲ್ಲಿ ಹೋಗಿವೆ. ಇದನ್ನು ಕೆಲವರು ಸಿಟ್ಟಿನಿಂದ ಹೇಳುತ್ತಾರೆ. ನನಗೆ ಸಿಟ್ಟು ಬರುವುದಿಲ್ಲ. ಓದಲು ಬಾರದ ಲಿಪಿ ಇರುವ ಗಟ್ಟಿ ಕಲ್ಲೊಂದು ಸಿಕ್ಕಾಗ ಗುಡಿ ಕಟ್ಟುವವರು ಅದನ್ನು ಪೀಠ ಮಾಡಿದರು. ಅಕ್ಷರ ಇದ್ದರೂ ಓದುವವರು ಇಲ್ಲದಿದ್ದರೆ ಶಾಸನವೂ ಬರಿಯ ಕಲ್ಲು. ಆದರೂ ಪೀಠವಾಗಿದ್ದರಿಂದಲೇ ಅದು ಒಡೆಯದೆ, ಗೋಡೆಗೆ ಹೋಗದೆ ಉಳಿಯಿತು.

ಸನ್ನತಿಯಿಂದ ಕೆಲವೇ ಕಿಲೋಮೀಟರ್ ದೂರದ ಕನಗನಹಳ್ಳಿಯಲ್ಲಿ 1990ರ ದಶಕದ ಮಧ್ಯದಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿತು. ದಿಬ್ಬದೊಳಗೆ ಒಂದು ದೊಡ್ಡ ಸ್ತೂಪವೇ ಇತ್ತು. ಅಲ್ಲಿನ ಶಾಸನಗಳಲ್ಲೇ ಅದರ ಹೆಸರಿದೆ: ಅಧೋಲೋಕ ಮಹಾಚೈತ್ಯ. ಸ್ತೂಪದ ಮೈಗೆ ಹೊದಿಸಿದ್ದ ಫಲಕಗಳಲ್ಲಿ ಜಾತಕ ಕಥೆಗಳು, ಬೋಧಿವೃಕ್ಷ, ಬುದ್ಧಪಾದ, ಸ್ತೂಪದೊಳಗೆ ಇನ್ನೊಂದು ಸ್ತೂಪದ ಚಿತ್ರ, ಶಾತವಾಹನ ಅರಸರು. ಬಹುಪಾಲು ಇಲ್ಲಿಯದೇ ಸುಣ್ಣದ ಕಲ್ಲು. ದೊರೆತ ಚಿಕ್ಕ ದೊಡ್ಡ ಶಾಸನಗಳು ಇನ್ನೂರಕ್ಕೂ ಹೆಚ್ಚು.

ಈ ಶಾಸನಗಳಲ್ಲಿ ಎರಡು ಬಗೆ. ಕೆಲವು ಚಿತ್ರಕ್ಕೆ ಹೆಸರು ಹೇಳುತ್ತವೆ: ಇದು ಇಂಥ ಜಾತಕ, ಇವನು ಇಂಥ ರಾಜ. ಉಳಿದವು ಕಲ್ಲು ಕೊಟ್ಟವರ ಹೆಸರು ಹೇಳುತ್ತವೆ: ಭಿಕ್ಷು, ಭಿಕ್ಷುಣಿ, ಗೃಹಸ್ಥ, ಅವನ ಹೆಂಡತಿ, ಮಗ. ನೋಡುವವರು ಅಪರಿಚಿತರಿರಬಹುದು, ಮುಂದಿನ ತಲೆಮಾರಿನವರಿರಬಹುದು, ಅವರಿಗೆ ತಿಳಿಯಬೇಕು ಎಂಬ ಎಚ್ಚರ ಅವರಿಗಿತ್ತು. ಇವತ್ತಿನ ಮ್ಯೂಸಿಯಮ್ಮಿನಲ್ಲಿ ವಸ್ತುವಿನ ಕೆಳಗೆ ಅಂಟಿಸುವ ಚೀಟಿಯ ಕೆಲಸವನ್ನು ಅವರು ಕಲ್ಲಿನಲ್ಲೇ ಮುಗಿಸಿದ್ದರು.

ಅಶೋಕನ ಹೆಸರಿನ ವಿಷಯದಲ್ಲಿ ನಮ್ಮ ಭಾಗಕ್ಕೆ ಇನ್ನೊಂದು ಹೆಮ್ಮೆಯೂ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಅಶೋಕ ಎಂಬ ಹೆಸರು ಅವನದೇ ಶಾಸನವೊಂದರಲ್ಲಿ ಮೊದಲು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದನ್ನು ಕಂಡವನು ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಹೆಸರು ಮಸ್ಕಿಯಲ್ಲಿ ಸಿಕ್ಕಿತು, ಹೆಸರಿನ ಜೊತೆ ಮುಖ ಕನಗನಹಳ್ಳಿಯಲ್ಲಿ ಸಿಕ್ಕಿತು. ಎರಡೂ ಹೈದರಾಬಾದ್ ಕರ್ನಾಟಕದ ಬಿಸಿಲಿನಲ್ಲಿ.

ಕನಗನಹಳ್ಳಿಗೆ ನಾನು ಮೊದಲ ಸಲ ಹೋದಾಗ ಹೊಲದ ಬದುವಿನಲ್ಲಿ ಕೂತಿದ್ದ ಒಬ್ಬ ಮುತ್ಯಾ ಕೇಳಿದರು, “ಎಲ್ಲಿಂದ ಬಂದಿ ಯಪ್ಪಾ? ಕಲ್ಲು ನೋಡ್ಲಾಕ ಏನು?” ಹೌದೆಂದೆ. “ನಮ್ಮ ಹಿರ್ಯಾರು ಈ ದಿಬ್ಬಕ್ಕ ನೇಗಿಲು ಹಚ್ಚಿರಲಿಲ್ಲ ನೋಡು. ಯಾಕಂತ ಅವರಿಗೂ ಗೊತ್ತಿರಲಿಲ್ಲ” ಎಂದರು. ಉತ್ಖನನದ ವರದಿಯಲ್ಲಿ ಇಂಥ ಮಾತಿಗೆ ಜಾಗವಿಲ್ಲ. ನಾನು ನನ್ನ ವಹಿಯಲ್ಲಿ ಬರೆದುಕೊಂಡೆ.

ಸನ್ನತಿಯಿಂದ ಮೇಲಕ್ಕೆ, ಕಾಗಿಣಾದ ಗುಂಟ ಬಂದರೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ 814ರಿಂದ 878ರವರೆಗೆ ಆಳಿದ. ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ಕೃತಿ ‘ಕವಿರಾಜಮಾರ್ಗ’ ಅವನ ಆಸ್ಥಾನದ್ದು. ಅರಬ್ ವರ್ತಕ ಸುಲೇಮಾನ್ 851ರ ಸುಮಾರಿಗೆ ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ‘ಬಲ್ಹರಾ’ನೂ ಒಬ್ಬ ಎಂದ. ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟ ದೊರೆ. ಅಪಭ್ರಂಶದ ದೊಡ್ಡ ಕವಿ ಪುಷ್ಪದಂತ ಇಲ್ಲಿ ಕೂತು ಬರೆದ. 972ರಲ್ಲಿ ಮಾಳವದ ಪರಮಾರ ಸೀಯಕ ನಗರವನ್ನು ಕೊಳ್ಳೆ ಹೊಡೆದ. ಆ ಸುದ್ದಿಯೂ ಧನಪಾಲನ ಪ್ರಾಕೃತ ನಿಘಂಟೊಂದರ ಕೊನೆಯಲ್ಲಿ ದಾಖಲಾಗಿದೆ.

ಇಷ್ಟು ದೊಡ್ಡ ಹೆಸರಿಟ್ಟುಕೊಂಡು ಮಳಖೇಡಕ್ಕೆ ಹೋದವರಿಗೆ ಕಾಣುವುದೇನು? ಕಾಗಿಣಾ ದಂಡೆಯಲ್ಲಿ ಬಹುಮಟ್ಟಿಗೆ ನಂತರದ ಕಾಲದ್ದಾದ ಕೋಟೆ, ನೇಮಿನಾಥ ಬಸದಿ, ಮಳೆಗಾಲದಲ್ಲಿ ಹೊಳೆಯ ನೀರು ನುಗ್ಗುವ ಜಯತೀರ್ಥರ ಉತ್ತರಾದಿ ಮಠ, ಊರಾಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಎಲ್ಲೋರದ ಕೈಲಾಸವನ್ನು ಕೊರೆದ ಮನೆತನದ ರಾಜಧಾನಿಯಲ್ಲಿ ಕೈಲಾಸಕ್ಕೆ ಸಮನಾದದ್ದೇನೂ ನಿಂತಿಲ್ಲ. ನಗರದ ಕಲ್ಲು ಗೋಡೆಗೆ, ಬಾವಿಗೆ, ಕೋಟೆಗೆ, ಮನೆಗೆ ಹೋಗಿ ಹಂಚಿಹೋಗಿದೆ. ಮಾನ್ಯಖೇಟ ನಮಗೆ ಉಳಿದದ್ದು ಬರೆದವರಿಂದ. ಬರೆಯದೇ ಹೋಗಿದ್ದರೆ ಮಳಖೇಡ ಕಾಗಿಣಾ ದಂಡೆಯ ಇನ್ನೊಂದು ಹಳ್ಳಿ ಅಷ್ಟೆ.

ಬರೆದದ್ದನ್ನು ಕಾಯುವವರಿಗೂ ನಮ್ಮಲ್ಲಿ ಒಂದು ಹುದ್ದೆ ಇತ್ತು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಒಂದು ಘಟಿಕಾಸ್ಥಾನ ನಡೆಯುತ್ತಿತ್ತು. 1058ರ ಶಾಸನ ಅಲ್ಲಿ ವೇದ ಓದುವ 200 ವಿದ್ಯಾರ್ಥಿಗಳು ಇದ್ದರೆಂದು ಹೇಳುತ್ತದೆ. ಅವರ ಜೊತೆ ಶಾಸ್ತ್ರ ಕಲಿಯುವವರು, ಕಲಿಸುವವರು, ಮತ್ತು ಆರು ಮಂದಿ ಸರಸ್ವತೀ ಭಂಡಾರಿಗಳು. ಸರಸ್ವತೀ ಭಂಡಾರ ಎಂದರೆ ಗ್ರಂಥಾಲಯ. ಗ್ರಂಥ ಕಾಯುವ ಆರು ಜನರ ಜೀವನಕ್ಕೆ ದತ್ತಿ ಬಿಟ್ಟು, ಅದನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ. ನಾಗಾವಿಯ ಅರವತ್ತು ಕಂಬದ ಗುಡಿಯ ನೆರಳಲ್ಲಿ ಕೂತು ಈ ಸಾಲುಗಳ ಅಚ್ಚಾದ ಪಾಠ ಓದುವಾಗ, ಒಂಬೈನೂರು ವರ್ಷಗಳ ಹಿಂದಿನ ಆ ಆರು ಜನ ನನಗೆ ಸಹೋದ್ಯೋಗಿಗಳಂತೆ ಅನ್ನಿಸಿದರು.

ಇಲ್ಲಿಯವರೆಗಿನದು ನಮ್ಮ ಪಠ್ಯಪುಸ್ತಕಗಳೂ ಒಪ್ಪುವ ಇತಿಹಾಸ. ಇನ್ನು ಮುಂದಿನದನ್ನು ಯಾರೂ ಇತಿಹಾಸ ಎಂದು ಕರೆಯುವುದಿಲ್ಲ.

1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲು ಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ದಾರಿಯಲ್ಲಿ ಶಹಾಬಾದ್, ವಾಡಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ವಾಡಿ ಜಂಕ್ಷನ್ ಆಯಿತು. ಅದರೊಂದಿಗೆ ಕಲ್ಲಿಗೂ ಕಾಲು ಬಂತು. ಶಹಾಬಾದಿನ ಕಲ್ಲು ಪದರು ಪದರಾಗಿ ಏಳುತ್ತದೆ, ಮೇಲ್ಮೈ ಹುಟ್ಟಿನಿಂದಲೇ ಸಮತಟ್ಟು. ಗರಗಸ ಬೇಡ, ಉಳಿಯಿಂದ ಗೆರೆ ಹೊಡೆದು ಬೆಣೆ ಇಟ್ಟು ಹಾರೆಯಿಂದ ಮೀಟಿದರೆ ಹಾಸುಗಲ್ಲು ಸಿದ್ಧ. ಮುಂಬಯಿ, ಪುಣೆ, ಸೊಲ್ಲಾಪುರದ ಹಳೆಯ ಮನೆಗಳಲ್ಲಿ, ಅಂಗಳಗಳಲ್ಲಿ, ಶಾಲೆಗಳಲ್ಲಿ ಈ ಕಲ್ಲೇ ನೆಲ. ಮರಾಠಿಯಲ್ಲಿ ಅದಕ್ಕೆ ‘ಶಹಾಬಾದಿ ಫರಶಿ’ ಎಂದೇ ಹೆಸರು. ನಮ್ಮಲ್ಲಿ ಫರಸಿ ಕಲ್ಲು.

ನನ್ನ ಮುತ್ಯಾ ಅಂಥ ಖಣಿಯಲ್ಲಿ ಕಲ್ಲು ಎಬ್ಬಿಸಿದವರು. ಆಯಿ ಅದೇ ಖಣಿಯಲ್ಲಿ ಕಲ್ಲು ಹೊತ್ತವರು. ಮುತ್ಯಾ ಕಲ್ಲನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ಕೇಳುತ್ತಿದ್ದರಂತೆ. “ಗಂಟಿ ಹಂಗ ಠಣ್ ಅಂದ್ರ ಅದು ಬದುಕಿದ ಕಲ್ಲು. ಡಬ್ ಅಂದ್ರ ಒಳಗ ಸೀಳ್ಯಾದ, ಬಿಡು” ಎನ್ನುತ್ತಿದ್ದರು ಎಂದು ಅಪ್ಪ ಹೇಳುತ್ತಾರೆ. ಶಹಾಬಾದಿನ ಹೆಸರು ಮುಂಬಯಿಯ ಮಾತಿನಲ್ಲಿ ನಿತ್ಯ ಬಳಕೆಯ ಪದವಾಯಿತು. ಕಲ್ಲು ಎಬ್ಬಿಸಿದವರ ಹೆಸರು ಖಣಿಯ ಹಾಜರಿ ಪುಸ್ತಕದಲ್ಲೂ ಉಳಿದಿಲ್ಲ. ಕನಗನಹಳ್ಳಿಯಲ್ಲಿ ಒಂದು ಫಲಕ ಕೊಟ್ಟ ಗೃಹಸ್ಥನ ಹೆಸರು ಇವತ್ತಿಗೂ ಓದಬಹುದು, ಆದರೆ 1960ರ ದಶಕದಲ್ಲಿ ಶಹಾಬಾದಿನಲ್ಲಿ ಕಲ್ಲು ಒಡೆದವರ ಪಟ್ಟಿ ಮಾಡಲು ನನಗೆ ಮನೆ ಮನೆ ತಿರುಗಬೇಕಾಗಿದೆ.

ಕಲ್ಲಿನ ಹಿಂದೆಯೇ ಸಿಮೆಂಟ್ ಬಂತು. 1920ರ ದಶಕದಲ್ಲಿ, ನಿಜಾಮರ ಸಂಸ್ಥಾನದಲ್ಲಿ ಶಹಾಬಾದ್ ಸಿಮೆಂಟ್ ಕಂಪನಿ ಶುರುವಾಯಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ ಆದಾಗ ಶಹಾಬಾದೂ ಅದರಲ್ಲಿ ಸೇರಿತು. ಮುಂದೆ ವಾಡಿಯಲ್ಲಿ ಎಸಿಸಿಯ ದೊಡ್ಡ ಕಾರ್ಖಾನೆ ಬಂತು. ಆಮೇಲೆ ಸೇಡಮ್ಮಿನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ಚಿಂಚೋಳಿ ತಾಲೂಕಿನ ಛತ್ರಸಾಲದಲ್ಲಿ, ಚಿತ್ತಾಪುರದ ಇಟಗಾದಲ್ಲಿ ಹೊಸ ಕಾರ್ಖಾನೆಗಳು. ಮೊದಲನೆಯದಾದ ಶಹಾಬಾದಿನದು ಕೈಯಿಂದ ಕೈಗೆ ದಾಟಿ ಕೊನೆಗೆ ನಿಂತುಹೋಯಿತು.

ಸಿಮೆಂಟ್ ಮಾಡುವುದು ಹೀಗೆ: ಸುಣ್ಣದ ಕಲ್ಲನ್ನು ಜೇಡಿಮಣ್ಣಿನಂಥ ವಸ್ತುಗಳೊಂದಿಗೆ ಹಿಟ್ಟು ಮಾಡಿ, ನಿಧಾನ ತಿರುಗುವ ಉದ್ದ ಕೊಳವೆ ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ಗೆ ಸುಡುತ್ತಾರೆ. ಗೋಲಿಯಂಥ ಕ್ಲಿಂಕರ್ ಬರುತ್ತದೆ. ಅದಕ್ಕೆ ಸ್ವಲ್ಪ ಜಿಪ್ಸಮ್ ಸೇರಿಸಿ ಅರೆದರೆ ಸಿಮೆಂಟ್. ಶುದ್ಧ ಸುಣ್ಣದ ಕಲ್ಲು 1000 ಕಿಲೋ ಸುಟ್ಟರೆ ಅದರಲ್ಲಿ 440 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. 50 ಕೋಟಿ ವರ್ಷ ಕಲ್ಲಿನೊಳಗೆ ಕೂತಿದ್ದ ಸಮುದ್ರದ ಉಸಿರು ಅದು. ಶಿಲ್ಪವಾದ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ, ಫರಸಿಯಾದ ಕಲ್ಲೂ ಕಲ್ಲಾಗಿಯೇ ಉಳಿಯುತ್ತದೆ. ಸಿಮೆಂಟಾದ ಕಲ್ಲು ತನ್ನ ಗುರುತು ಕಳೆದುಕೊಂಡು ಎಲ್ಲೋ ಸೇತುವೆಯಾಗಿ, ಅಣೆಕಟ್ಟಾಗಿ, ಯಾರದೋ ಮನೆಯ ಸ್ಲ್ಯಾಬಾಗಿ ಸೇರಿಹೋಗುತ್ತದೆ. ಅದರ ಇತಿಹಾಸ ಬರೆಯುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಶಹಾಬಾದಿನಲ್ಲಿ ಇನ್ನೊಂದು ಕಾರ್ಖಾನೆಯೂ ಇತ್ತು. ಎಸಿಸಿಯು ವಿಕರ್ಸ್ ಮತ್ತು ಬ್ಯಾಬ್‌ಕಾಕ್ ಎಂಬ ಎರಡು ಬ್ರಿಟಿಷ್ ಕಂಪನಿಗಳ ಜೊತೆ ಸೇರಿ 1959ರಲ್ಲಿ ಕಟ್ಟಿದ ಎವಿಬಿ. ಸಿಮೆಂಟ್ ಯಂತ್ರಗಳು, ವಿದ್ಯುತ್ ಕೇಂದ್ರಗಳ ಬಾಯ್ಲರುಗಳು ಅಲ್ಲಿ ತಯಾರಾಗುತ್ತಿದ್ದವು. ಮುಂದೆ ಬಾಗಿಲ ಮೇಲಿನ ಬೋರ್ಡು ಎಬಿಎಲ್ ಎಂದಾಯಿತು, ಆಮೇಲೆ ಆಲ್‌ಸ್ಟಮ್, ಜಿಇ. ಊರಿನವರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು.

ಈ ಬ್ಯಾಬ್‌ಕಾಕ್ ಎಂಬ ಹೆಸರನ್ನು ನಾನು ಮತ್ತೆ ನೋಡಿದ್ದು ಬಹಳ ದೂರದಲ್ಲಿ. ಒಂದು ವಿಚಾರ ಸಂಕಿರಣಕ್ಕೆಂದು ಪೋರ್ಚುಗಲ್ಲಿನ ಲಿಸ್ಬನ್‌ಗೆ ಹೋಗಿದ್ದಾಗ, ಬಿಡುವಿನ ಅರ್ಧ ದಿನದಲ್ಲಿ ಬೆಲೆಮ್ ಎಂಬ ಕಡೆಗೆ ಹೋದೆ. ಅಲ್ಲಿ ತೇಜು ನದಿಯ ದಂಡೆಯಲ್ಲಿ ಕಲೆ, ವಾಸ್ತು ಮತ್ತು ತಂತ್ರಜ್ಞಾನದ ವಸ್ತುಸಂಗ್ರಹಾಲಯ ಇದೆ. ಚಿಕ್ಕದಾಗಿ ಮಾಟ್ ಎನ್ನುತ್ತಾರೆ. ಬ್ರಿಟಿಷ್ ವಾಸ್ತುಶಿಲ್ಪಿ ಅಮಾಂಡಾ ಲೆವೀಟ್ ರೂಪಿಸಿದ ಅದರ ಹೊಸ ಕಟ್ಟಡ 2016ರ ಅಕ್ಟೋಬರಿನಲ್ಲಿ ತೆರೆಯಿತು. ಅಲೆಯಂತೆ ಬಾಗಿದ ಮೈ, ಅದಕ್ಕೆ ಸುಮಾರು 15,000 ಬಿಳಿ ಪಿಂಗಾಣಿ ಬಿಲ್ಲೆಗಳು. ಹೊಳೆಯ ಬಿಸಿಲು ಅವುಗಳ ಮೇಲೆ ಬಿದ್ದು ಕುಣಿಯುತ್ತದೆ. ಜನ ಛಾವಣಿಯ ಮೇಲೆ ಹತ್ತಿ ನಡೆಯುತ್ತಾರೆ, ಹೊಳೆ ನೋಡುತ್ತಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಪಕ್ಕದ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ, ಸೆಂಟ್ರಲ್ ತೇಜು. ಇಪ್ಪತ್ತನೆಯ ಶತಮಾನದ ಬಹುಭಾಗ ಲಿಸ್ಬನ್ನಿಗೆ ಕರೆಂಟು ಕೊಟ್ಟ ಕಲ್ಲಿದ್ದಲು ವಿದ್ಯುತ್ ಕೇಂದ್ರ. 1970ರ ದಶಕದಲ್ಲಿ ಕೆಲಸ ನಿಲ್ಲಿಸಿತು. ಗುಜರಿಗೆ ಹಾಕದೆ 1990ರಲ್ಲಿ ಅದನ್ನು ವಿದ್ಯುತ್ ವಸ್ತುಸಂಗ್ರಹಾಲಯ ಮಾಡಿದರು. ಈಗ ಅದು ಮಾಟ್‌ನ ಭಾಗ. ಒಳಗೆ ಸುಮಾರು 30 ಮೀಟರ್ ಎತ್ತರದ ಬಾಯ್ಲರುಗಳು ಹಾಗೆಯೇ ನಿಂತಿವೆ. ಒಂದರ ಒಳಗೆ ನಿಂತು ಬೆಂಕಿ ಉರಿಯುತ್ತಿದ್ದ ಜಾಗವನ್ನು, ಕೊಳವೆಗಳ ಸಾಲನ್ನು ನೋಡಬಹುದು. ಕೆಳಗೆ ಬೂದಿಯ ಅಂಗಳ. ಉರಿದ ಕಲ್ಲಿದ್ದಲಿನ ಬೂದಿ ಎಳೆಯುತ್ತಿದ್ದ ಕೂಲಿಗಳು ಎಂಥ ಕಾವಿನಲ್ಲಿ, ಎಂಥ ಧೂಳಿನಲ್ಲಿ ಇರುತ್ತಿದ್ದರು ಎಂಬ ವಿವರವೂ ಅಲ್ಲಿದೆ. ಬಾಯ್ಲರ್ ಮಾಡಿದ ಕಂಪನಿಯ ಹೆಸರು ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್.

ಅದೇ ಹೆಸರು, ಅದೇ ಬಗೆಯ ಯಂತ್ರ. ಅಲ್ಲಿ ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಅವರ ಹಣ, ಅವರ ಕಟ್ಟಡ ನಮ್ಮಲ್ಲಿಲ್ಲ, ಸರಿ. ಆದರೆ ಅಲ್ಲಿ ಬೂದಿ ಎಳೆದವನೂ ಇತಿಹಾಸಕ್ಕೆ ಸೇರಿದವನು ಎಂಬ ತೀರ್ಮಾನಕ್ಕೆ ಹಣ ಬೇಕಿಲ್ಲ. ಕಲೆ, ವಾಸ್ತುವಿನ ಸಾಲಿನಲ್ಲಿ ತಂತ್ರಜ್ಞಾನವನ್ನೂ ಕೂರಿಸಿದ್ದು ಮಾತ್ರ ಅವರ ದೊಡ್ಡತನವಲ್ಲ, ತಂತ್ರಜ್ಞಾನದ ಜೊತೆ ಅದರ ಬೆವರನ್ನೂ ಒಳಗೆ ಬಿಟ್ಟುಕೊಂಡಿದ್ದಾರೆ. ಲಂಡನ್ನಿನ ಥೇಮ್ಸ್ ದಂಡೆಯ ಬ್ಯಾಂಕ್‌ಸೈಡ್ ವಿದ್ಯುತ್ ಕೇಂದ್ರವೂ 1981ರಲ್ಲಿ ನಿಂತು, 2000ದಲ್ಲಿ ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿ ಯಂತ್ರಗಳನ್ನು ತೆಗೆದು ಜಾಗವನ್ನು ಕಲೆಗೆ ಬಿಟ್ಟರು. ಲಿಸ್ಬನ್ನಿನಲ್ಲಿ ಯಂತ್ರವನ್ನೇ ಇಟ್ಟುಕೊಂಡರು.

ಊರಿಗೆ ಮರಳಿದ ಮೇಲೆ ಶಹಾಬಾದಿನಲ್ಲಿ ನಿವೃತ್ತ ವೆಲ್ಡರ್ ಒಬ್ಬರನ್ನು ಕಂಡೆ. ನಾನು ಕಾಕಾ ಎನ್ನುತ್ತೇನೆ. ಲಿಸ್ಬನ್ನಿನ ಬಾಯ್ಲರಿನ ಫೋಟೋ ತೋರಿಸಿದಾಗ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಇದು ಹಳೇ ಮಾಡೆಲ್. ನಾವು ಇದಕ್ಕಿಂತ ಹೆಚ್ಚಿನ ಪ್ರೆಶರಿಂದು ಮಾಡೀವಿ” ಎಂದರು. ಆಮೇಲೆ ಎರಡು ತಾಸು ನನಗೆ ಪಾಠ. ದಪ್ಪ ಉಕ್ಕಿನ ಹಾಳೆಯನ್ನು ಬಾಗಿಸಿ ಡ್ರಮ್ ಮಾಡುವುದು ಹೇಗೆ, ಬೆಸುಗೆಯ ಎಕ್ಸ್‌ರೇ ತೆಗೆದು ಒಳಗೆ ಗಾಳಿಗುಳ್ಳೆ ಇದೆಯೇ ನೋಡುವುದು ಹೇಗೆ, ಕೆಲಸದ ಒತ್ತಡಕ್ಕಿಂತ ಒಂದೂವರೆ ಪಟ್ಟು ಒತ್ತಡದಲ್ಲಿ ನೀರು ತುಂಬಿ ಪರೀಕ್ಷೆ ಮಾಡುವುದು ಹೇಗೆ. “ಒಂದ್ ಹನಿ ಬೆವರಿದ್ರೂ ಮುಗೀತು. ಇನ್‌ಸ್ಪೆಕ್ಟರ್ ಪಾಸ್ ಮಾಡಂಗಿಲ್ಲ. ಆ ರಾತ್ರಿ ನಿದ್ದಿ ಇರಂಗಿಲ್ಲ ನೋಡು.”

ಕೊನೆಗೆ ಒಂದು ಮಾತು ಹೇಳಿದರು. ಬಾಯ್ಲರ್ ಕೆಲಸದಲ್ಲಿ ಪರೀಕ್ಷೆ ಪಾಸಾದ ವೆಲ್ಡರಿಗೆ ಒಂದು ನಂಬರ್ ಇರುತ್ತದೆ. ತಾನು ಮಾಡಿದ ಜೋಡಣೆಯ ಪಕ್ಕ ಉಕ್ಕಿನ ಮೇಲೆ ಆ ನಂಬರನ್ನು ಪಂಚ್ ಮಾಡಬೇಕು. ಮುಂದೆ ತಪ್ಪು ಸಿಕ್ಕರೆ ಯಾರ ಕೈ ಎಂದು ಗೊತ್ತಾಗಲಿ ಎಂದು. ಕಾಕಾ ತಮ್ಮ ನಂಬರನ್ನು ಮೊಮ್ಮಗನ ಹೆಸರಿನಷ್ಟೇ ಸಲೀಸಾಗಿ ಹೇಳಿದರು. ದೇಶದ ಎಷ್ಟೋ ವಿದ್ಯುತ್ ಕೇಂದ್ರಗಳಲ್ಲಿ ಬಾಯ್ಲರಿನ ಹೊದಿಕೆಯ ಅಡಿಯಲ್ಲಿ, ಯಾರೂ ನೋಡದ ಜಾಗದಲ್ಲಿ ಶಹಾಬಾದಿನ ಇಂಥ ನೂರಾರು ನಂಬರುಗಳು ಇವೆ. ಕನಗನಹಳ್ಳಿಯ ದಾನಿಗಳ ಹೆಸರಿನಂತೆ ಇವೂ ಶಾಸನಗಳೇ. ಓದುವ ಕೀಲಿ ಮಾತ್ರ ಈ ಮುದುಕರ ತಲೆಯಲ್ಲಿದೆ. ಅವರ ಜೊತೆಗೇ ಅದು ಹೋಗುತ್ತದೆ.

ಕೆಲಸವಿಲ್ಲದ ಊರಿಗೆ ವಸ್ತುಸಂಗ್ರಹಾಲಯ ಯಾಕೆ ಎಂದು ಶಹಾಬಾದಿನ ಹುಡುಗರು ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಮ್ಯೂಸಿಯಂ ನೌಕರಿ ಕೊಡುವುದಿಲ್ಲ, ಹೆಚ್ಚೆಂದರೆ ನಾಲ್ಕು ಜನರಿಗೆ. ಆದರೆ ಅವರ ಅಪ್ಪಂದಿರು ದೇಶಕ್ಕೆ ಬಾಯ್ಲರ್ ಮಾಡಿಕೊಟ್ಟವರು ಎಂಬುದು ಆ ಹುಡುಗರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ತಮ್ಮದು ಧೂಳಿನ ಊರು, ಮುಚ್ಚಿದ ಊರು ಎಂದಷ್ಟೇ ಗೊತ್ತು. ತನ್ನ ಊರಿಗೆ ಏನು ಬರುತ್ತಿತ್ತು ಎಂದು ತಿಳಿಯದವನು ಏನನ್ನು ಕೇಳಬೇಕು ಎಂದೂ ತಿಳಿಯಲಾರ. ಖಣಿಯ ಧೂಳು, ಹೊಲ ಕಳೆದುಕೊಂಡವರ ಲೆಕ್ಕ, ಕೈಕಾಲು ಕಳೆದುಕೊಂಡವರ ಲೆಕ್ಕ ಕೂಡ ಅದೇ ಪಟ್ಟಿಗೆ ಸೇರಬೇಕು. ಹೊಗಳಿಕೆಯ ಮ್ಯೂಸಿಯಂ ನಮಗೆ ಬೇಡ.

ಬಿಳಿ ಪಿಂಗಾಣಿಯ ಕಟ್ಟಡಕ್ಕೆ ಕಾಯುವ ಅಗತ್ಯವೂ ಇಲ್ಲ. ಕಾಗಿಣಾ, ಭೀಮಾ ದಂಡೆಯ ನಾಲ್ಕಾರು ಜಾಗಗಳಲ್ಲಿ ನಾಲ್ಕಾರು ಸಾಲು ಬರೆದ ಫರಸಿ ಕಲ್ಲು ನಿಲ್ಲಿಸಿದರೆ ಆರಂಭವಾದಂತೆ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ 1874 ಎಂದು. ನೀರು ತುಂಬಿದ ಹಳೆಯ ಖಣಿಯ ಅಂಚಿನಲ್ಲಿ ಇಲ್ಲಿಂದ ಎದ್ದ ಕಲ್ಲು ಎಲ್ಲೆಲ್ಲಿ ನೆಲವಾಗಿದೆ ಎಂದು, ಎಬ್ಬಿಸಿದ ಮನೆತನಗಳ ಹೆಸರಿನೊಂದಿಗೆ. ಬಾಯ್ಲರ್ ಕಾರ್ಖಾನೆಯ ಕಾಲೊನಿಯ ಶಾಲೆಯಲ್ಲಿ ಒಂದು ಗೋಡೆ, ನಂಬರ್ ಮತ್ತು ಅದರ ಎದುರು ಹೆಸರು. ಬ್ರಾಹ್ಮಿಯ ಬದಲು ಕನ್ನಡ, ಬೇಕಾದರೆ ಪಕ್ಕದಲ್ಲಿ ಉರ್ದು, ಏಕೆಂದರೆ ಆ ವೆಲ್ಡರುಗಳು ಎರಡೂ ಭಾಷೆಯ ಮನೆಗಳಿಂದ ಬಂದವರು.

ನನ್ನ ವಹಿಯಲ್ಲಿ ಈಗ 43 ನಂಬರುಗಳಿವೆ. 29ಕ್ಕೆ ಹೆಸರು ಸಿಕ್ಕಿದೆ. ಉಳಿದ ಹದಿನಾಲ್ಕರಲ್ಲಿ ಮೂರು ತನಗೆ ಗೊತ್ತಿರುವವರದ್ದು, ಆದರೆ ಹೆಸರು ಬಾಯಿಗೆ ಬರುತ್ತಿಲ್ಲ ಎಂದು ಕಾಕಾ ಹೇಳಿದ್ದಾರೆ. ಮುಂದಿನ ಆದಿತ್ಯವಾರ ಅವರ ಜೊತೆ ಇನ್ನೊಬ್ಬ ಹಳೆಯ ಫಿಟ್ಟರನ್ನು ಕೂರಿಸಿ ಮತ್ತೆ ಕೇಳಬೇಕು.